ಶಟರ್ ಸ್ಪೀಡ್ ಏರಿಸಿದ್ರೆ ಕತ್ತಲು, ಇಳಿಸಿದ್ರೆ ಬ್ಲರ್... ಅಪರ್ಚರ್ ಜೊತೆ ಹೊಂದಿಸೋದು ಹೇಗೆ?

ಹೊಸಕ್ಯಾಮೆರಾ:
ಎಲ್ರಿಗೂ ನಮಸ್ಕಾರ. ಕ್ರಾಪ್ ಸೆನ್ಸರ್ (ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರ್ ಇರೋ) ಕ್ಯಾಮೆರಾ, ಅದರ ಜೊತೆ ಬಂದ 18-55 ಎಂಎಂ ಕಿಟ್ ಲೆನ್ಸ್ ಬಿಟ್ರೆ ಬೇರೆ ಇಲ್ಲ. ಮನೆ ಒಳಗೆ ಲೈಟ್ ಬೆಳಕಲ್ಲಿ ಮಗಳು ಓಡಾಡೋದನ್ನ ತೆಗೀಬೇಕು. 55ಕ್ಕೆ ಜೂಮ್ ಮಾಡಿ ಮ್ಯಾನ್ಯುಯಲ್ ಮೋಡಲ್ಲಿ ಅಪರ್ಚರ್ (ಲೆನ್ಸ್ ಒಳಗೆ ಬೆಳಕು ಬರೋ ಕಂಡಿ) ಎಫ್/5.6, ಶಟರ್ 1/30 ಸೆಕೆಂಡ್, ಐಎಸ್ಓ (ಬೆಳಕನ್ನ ಕ್ಯಾಮೆರಾ ಎಷ್ಟು ಹೆಚ್ಚಿಸಿ ತೋರಿಸಬೇಕು ಅನ್ನೋ ಸೆಟ್ಟಿಂಗ್) 800 ಇಟ್ರೆ ಬೆಳಕೇನೋ ಸರಿ ಬರುತ್ತೆ, ಆದ್ರೆ ಅವಳ ಕೈಕಾಲು ಎಲ್ಲಾ ಅಳಿಸಿಹೋದ ಹಾಗೆ ಕಾಣುತ್ತೆ. 1/250 ಮಾಡಿದ್ರೆ ಫೋಟೋನೇ ಕತ್ತಲು. ಅಪರ್ಚರ್ ಇನ್ನೂ ಓಪನ್ ಮಾಡೋಣ ಅಂದ್ರೆ 5.6ರಿಂದ ಕೆಳಗೆ ಇಳೀತಾನೇ ಇಲ್ಲ, ಲೆನ್ಸ್ ಕೆಟ್ಟಿದ್ಯಾ?

ನೆರಳುಬೆಳಕು:
ಲೆನ್ಸಿಗೆ ಏನೂ ಆಗಿಲ್ಲ ಸರ್. ಕಿಟ್ ಲೆನ್ಸ್ ಮೇಲೆ 3.5-5.6 ಅಂತ ಬರೆದಿರುತ್ತೆ ನೋಡಿ, ಅಂದ್ರೆ 18ರಲ್ಲಿ ಮಾತ್ರ 3.5 ಸಿಗೋದು, ಜೂಮ್ ಮಾಡ್ತಾ ಹೋದ ಹಾಗೆ ಅದಾಗಿ ಅದೇ 5.6ಕ್ಕೆ ಬಂದು ನಿಲ್ಲುತ್ತೆ.

ಇನ್ನು ಲೆಕ್ಕ. 1/30ರಿಂದ 1/60, 1/125, 1/250 ಅಂದ್ರೆ ಮೂರು ಸ್ಟಾಪ್, ಒಂದೊಂದಕ್ಕೂ ಬೆಳಕು ಅರ್ಧ ಆಗುತ್ತೆ, ಸೋ ನಿಮಗೆ ಉಳಿದಿದ್ದು ಎಂಟರಲ್ಲಿ ಒಂದು ಪಾಲು, ಕತ್ತಲಾಗದೆ ಇನ್ನೇನಾಗುತ್ತೆ. ಅಪರ್ಚರಲ್ಲೂ ಹೀಗೇ, 2.8, 4, 5.6, 8 ಒಂದೊಂದು ಸ್ಟಾಪ್, ಸಂಖ್ಯೆ ಚಿಕ್ಕದಾದಷ್ಟೂ ಕಂಡಿ ದೊಡ್ಡದು. ನಿಮ್ಮ ಹತ್ರ ಅಪರ್ಚರ್ ಮುಗಿದಿದೆ, ಹಾಗಾಗಿ ಆ ಮೂರು ಸ್ಟಾಪನ್ನ ಐಎಸ್ಓ ಕೊಡಬೇಕು: 1600, 3200, 6400. ಐಎಸ್ಓ ಏರಿದ ಹಾಗೆ ಫೋಟೋದಲ್ಲಿ ಕಾಳು ಕಾಳು (ಗ್ರೇನ್) ಕಾಣುತ್ತೆ, ಅಷ್ಟು ಬೇಡ ಅಂದ್ರೆ ಜೂಮ್ ಬಿಟ್ಟು 18ಕ್ಕೆ ಬಂದು ನೀವೇ ಹತ್ರ ಹೋಗಿ, 3.5 ಸಿಗುತ್ತೆ, ಐಎಸ್ಓ 2500 ಸಾಕು. ಮುಖ ಮಾತ್ರ ತೀರಾ ಹತ್ರದಿಂದ ತೆಗೀಬೇಡಿ, ಮೂಗು ದಪ್ಪ ಕಾಣುತ್ತೆ.

ಅಂದಹಾಗೆ ಡಯಲ್ ಸಾಮಾನ್ಯವಾಗಿ ಮೂರು ಕ್ಲಿಕ್ ತಿರುಗಿಸಿದ್ರೆ ಒಂದು ಸ್ಟಾಪ್.

ಐವತ್ತುಎಂಎಂ:
ಮೇಲಿನವರ ಲೆಕ್ಕ ಸರಿ ಇದೆ, ಆದ್ರೆ ಓಡೋ ಮಗು ಹಿಂದೆ ಇಷ್ಟೆಲ್ಲಾ ಕ್ಲಿಕ್ ಎಣಿಸ್ತಾ ಕೂತ್ರೆ ಮಗು ಪಕ್ಕದ ರೂಮಿಗೆ ಹೋಗಿರುತ್ತೆ 😄 ಮ್ಯಾನ್ಯುಯಲ್ ಯಾಕ್ರೀ ಬೇಕು? ಶಟರ್ ಪ್ರಯಾರಿಟಿಗೆ (ಶಟರ್ ನೀವು ಇಡೋದು, ಅಪರ್ಚರ್ ಕ್ಯಾಮೆರಾ ಇಡೋದು) ಹಾಕಿ, 1/250 ಫಿಕ್ಸ್ ಮಾಡಿ, ಆಟೋ ಐಎಸ್ಓ ಆನ್ ಮಾಡಿ, ಮಿಕ್ಕಿದ್ದು ಕ್ಯಾಮೆರಾ ನೋಡ್ಕೊಳ್ಳುತ್ತೆ. ಗ್ರೇನ್ ಇದ್ರೂ ಫೋಟೋ ಇಟ್ಕೋಬಹುದು, ಅಳಿಸಿಹೋದ ಮುಖ ಇಟ್ಕೊಂಡು ಏನ್ ಮಾಡ್ತೀರ. ಅದೇ ಮಗು ಕೂತು ಚಿತ್ರ ಬರೀತಿದ್ರೆ ಅಪರ್ಚರ್ ಪ್ರಯಾರಿಟಿ (ಅಪರ್ಚರ್ ನೀವು, ಶಟರ್ ಕ್ಯಾಮೆರಾ), ಆಗ ಹಿಂದಿನ ಸಾಮಾನು ಎಷ್ಟು ಶಾರ್ಪಾಗಿ ಕಾಣಬೇಕು ಅನ್ನೋದೇ ಪ್ರಶ್ನೆ.

ಇನ್ನೊಂದು, ಬ್ಲರ್ ಆದ ಫೋಟೋ ಝೂಮ್ ಮಾಡಿ ಹಿಂದೆ ಇರೋ ಕುರ್ಚಿ ನೋಡಿ. ಕುರ್ಚಿ ಶಾರ್ಪ್ ಇದ್ದು ಮಗು ಮಾತ್ರ ಹೋಗಿದ್ರೆ ಅದು ಮಗು ಓಡಿದ್ದು. ಎಲ್ಲಾ ಒಂದೇ ದಿಕ್ಕಿಗೆ ಎಳೆದ ಹಾಗಿದ್ರೆ ನಿಮ್ಮ ಕೈ ಅಲ್ಲಾಡಿದ್ದು. ಲೆನ್ಸಲ್ಲಿರೋ ಸ್ಟೆಬಿಲೈಸರ್ ಕೈ ಅಲ್ಲಾಡೋದಕ್ಕೆ ಮಾತ್ರ, ಓಡೋ ಮಗುನ ಅದು ನಿಲ್ಲಿಸಲ್ಲ.

ಹೊಸಕ್ಯಾಮೆರಾ:
ಥ್ಯಾಂಕ್ಸ್ ಇಬ್ರಿಗೂ! ನೋಡ್ದೆ, ಕುರ್ಚಿ ಶಾರ್ಪಾಗೇ ಇದೆ. ಹಾಗಾದ್ರೆ 50 ಎಂಎಂ ಎಫ್/1.8 ಲೆನ್ಸ್ ತಗೊಂಡ್ರೆ ಐಎಸ್ಓ ತಾಪತ್ರಯ ತಪ್ಪುತ್ತಾ?

ನೆರಳುಬೆಳಕು:
ಐಎಸ್ಓ ಮಟ್ಟಿಗೆ ಹೌದು, ಅದೇ ಬೆಳಕಲ್ಲಿ 1/250ಕ್ಕೆ 640 ಹತ್ರ ಸಾಕಾಗುತ್ತೆ. ಆದ್ರೆ 1.8ರಲ್ಲಿ ಎರಡು ಮೀಟರ್ ದೂರಕ್ಕೆ ನಿಮ್ಮ ಕ್ಯಾಮೆರಾದಲ್ಲಿ ಶಾರ್ಪ್ ಇರೋ ಜಾಗ ಹೆಚ್ಚುಕಡಿಮೆ 11-12 ಸೆಂಟಿಮೀಟರ್ ಅಷ್ಟೇ. ಮಗು ಒಂದು ಹೆಜ್ಜೆ ಮುಂದೆ ಇಟ್ರೆ ಫೋಕಸ್ ಹೋಯ್ತು. ಓಡುವಾಗ 2.8 ಇಟ್ಟು ಕಂಟಿನ್ಯೂಯಸ್ ಫೋಕಸ್ (ಮಗು ಸರಿದ ಹಾಗೆ ಫೋಕಸ್ ಹಿಂಬಾಲಿಸೋ ಮೋಡ್) ಹಾಕಿ, ಐಎಸ್ಓ 1600 ಆದ್ರೂ ಪರ್ವಾಗಿಲ್ಲ. ಕೂತಾಗ 1.8ಕ್ಕೆ ಹೋಗಿ, ಫೋಕಸ್ ಪಾಯಿಂಟ್ ನಿಮ್ಮ ಕಡೆ ಇರೋ ಕಣ್ಣಿನ ಮೇಲಿರಲಿ.