ಮಳೆಗಾಲದಲ್ಲಿ ಆನೆಮರಿ ಕೇಕ್: ಫಾಂಡೆಂಟ್ ಎಷ್ಟು, ಬಟರ್‌ಕ್ರೀಮ್ ಎಷ್ಟು?

ಮಂಗಳೂರಿನಿಂದ ಪ್ರಶ್ನೆ: ಜುಲೈಯಲ್ಲಿ ಮಗಳಿಗೆ 3 ವರ್ಷ ತುಂಬುತ್ತದೆ. ಕೂತ ಆನೆಮರಿಯ ಕೇಕೇ ಬೇಕಂತೆ. ಹೊರಗೆ ಬಿಡದ ಮಳೆ, ಮನೆಯಲ್ಲಿ ಎಸಿ ಇಲ್ಲ. ರೌಂಡ್ ಕೇಕಿಗೆ ಕ್ರೀಮ್ ಹಚ್ಚಿ ಅಭ್ಯಾಸ ಉಂಟು, ಕೆತ್ತಿ ಗೊತ್ತಿಲ್ಲ. ಇಡೀ ಫಾಂಡೆಂಟ್ (ಲಟ್ಟಿಸಿ ಹೊದಿಸುವ ಸಕ್ಕರೆಯ ಹಿಟ್ಟು) ಹೊದಿಸಬೇಕಾ, ಬಟರ್‌ಕ್ರೀಮಲ್ಲೇ (ಬೆಣ್ಣೆ-ಸಕ್ಕರೆಯ ಕ್ರೀಮ್) ಮುಗಿಸಬಹುದಾ? ಮಾಡಿದವರು ಹೇಳಿ.

ಉಡುಪಿಯಿಂದ: ಇಡೀ ಫಾಂಡೆಂಟ್ ಖಂಡಿತ ಬೇಡ. ನಾನು ಮನೆಯಲ್ಲೇ ಕೇಕ್ ಮಾಡಿ ಕೊಡುವವಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಥ ಆರ್ಡರ್ ಹಿಡಿಯುವುದೇ ಇಲ್ಲ. ಫಾಂಡೆಂಟ್ ಅಂದರೆ ಹೆಚ್ಚುಕಡಿಮೆ ಸಕ್ಕರೆಯೇ, ಗಾಳಿಯ ತೇವ ಎಳೆದುಕೊಳ್ಳುತ್ತದೆ. ಒಂದು ಮಳೆಗಾಲ ಕರಡಿ ಕೇಕನ್ನು ರಾತ್ರಿ ಫ್ರಿಜ್ಜಲ್ಲಿಟ್ಟು ಬೆಳಿಗ್ಗೆ ಮೇಜಿನ ಮೇಲಿಟ್ಟೆ. ಹತ್ತು ನಿಮಿಷದಲ್ಲಿ ಮೈಯೆಲ್ಲ ಬೆವರಿತು, ಕಣ್ಣಿನ ಕಪ್ಪು ಕರಗಿ ಗೆರೆಯಾಗಿ ಕೆನ್ನೆಗೆ ಇಳಿಯಿತು. ಒರೆಸಲು ಹೋದಲ್ಲೆಲ್ಲ ಬೆರಳಚ್ಚು ಕೂತಿತು. ಆ ಮಗುವಿನ ಮುಖ ಈಗಲೂ ನೆನಪುಂಟು.

ಆದ್ದರಿಂದ ಮೈ, ತಲೆ, ಸೊಂಡಿಲು ಬಟರ್‌ಕ್ರೀಮಲ್ಲಿ. ಕಿವಿ, ಕಣ್ಣು, ಉಗುರು ಮಾತ್ರ ಫಾಂಡೆಂಟಲ್ಲಿ. ಮಕ್ಕಳು ತಿನ್ನುವುದೂ ಬಟರ್‌ಕ್ರೀಮನ್ನೇ, ಫಾಂಡೆಂಟ್ ಸುಲಿದು ತಟ್ಟೆಯ ಬದಿಗಿಡುತ್ತಾರೆ.

ಕಿವಿಯನ್ನು ಮೂರು ದಿನ ಮೊದಲೇ ಮಾಡಿ. 250 ಗ್ರಾಂ ಫಾಂಡೆಂಟಿಗೆ ಒಂದು ಟೀ ಚಮಚ ಟೈಲೋಸ್ ಪುಡಿ (ಫಾಂಡೆಂಟನ್ನು ಬೇಗ ಗಟ್ಟಿಮಾಡುವ ಪುಡಿ) ನಾದಿ, 3–4 ಮಿ.ಮೀ. ದಪ್ಪಕ್ಕೆ ಲಟ್ಟಿಸಿ, ಸಾರಿನ ಸೌಟಿನ ಬೆನ್ನ ಮೇಲೆ ಮಲಗಿಸಿ ಒಣಗಲು ಬಿಡಿ. ನಮ್ಮ ಮಳೆಯಲ್ಲಿ ತಾನಾಗಿ ಒಣಗುವುದಿಲ್ಲ. ನಾನು ಅವನ್ ಬಿಸಿ ಮಾಡದೆ, ಒಳಗಿನ ಲೈಟ್ ಮಾತ್ರ ಹಾಕಿ ಅಲ್ಲಿಡುತ್ತೇನೆ. ಲಟ್ಟಿಸುವಾಗ ಮೇಲೆ ಸಣ್ಣ ಸುಕ್ಕು ಬಂದರೆ ಸರಿಮಾಡಲು ಹೋಗಬೇಡಿ. ಬೇಕಿಂಗ್‌ನವರು ಅದನ್ನು ಎಲಿಫೆಂಟ್ ಸ್ಕಿನ್ ಅಂತಲೇ ಕರೆಯುವುದು, ನಿಮಗೆ ಬೇಕಾದ್ದೂ ಅದೇ.

ಇನ್ನು ಬಣ್ಣ. ಬರೀ ಕಪ್ಪು ಹಾಕಿದರೆ ಬೂದು ಬರುವುದಿಲ್ಲ, ನೇರಳೆಗೋ ಹಸಿರಿಗೋ ತಿರುಗುತ್ತದೆ. ಬೆಣ್ಣೆಯ ಹಳದಿ ಬೇರೆ ಸೇರುತ್ತದೆ. ಮೊದಲು ಬೆಣ್ಣೆಯನ್ನು ಬಿಳಿಚುವವರೆಗೆ ಚೆನ್ನಾಗಿ ಬೀಟ್ ಮಾಡಿ. ಆಮೇಲೆ ಕಪ್ಪು ಜೆಲ್ ಕಲರನ್ನು ಟೂತ್‌ಪಿಕ್ ತುದಿಯಲ್ಲಿ ತೆಗೆದು ಹಾಕಿ. ನೇರಳೆ ಕಂಡರೆ ಹಳದಿ, ನೀಲಿ ಕಂಡರೆ ಕಂದು, ಎಲ್ಲವೂ ಚುಕ್ಕಿಯಷ್ಟೇ. ನೀರಿನ ಬಣ್ಣ ಬೇಡ. ಬೇಕಾದ್ದಕ್ಕಿಂತ ತಿಳಿಯಾಗಿದ್ದಾಗಲೇ ನಿಲ್ಲಿಸಿ, ರಾತ್ರಿ ಕಳೆದರೆ ಗಾಢವಾಗುತ್ತದೆ.

250 ಗ್ರಾಂ ಬೆಣ್ಣೆಗೆ 500 ಗ್ರಾಂ ಐಸಿಂಗ್ ಶುಗರ್ ನನ್ನ ಲೆಕ್ಕ. ಬೆಣ್ಣೆಯ ಕಾಲು ಭಾಗದ ಬದಲು ಶಾರ್ಟನಿಂಗ್ (ವನಸ್ಪತಿಯಂಥ ಗಟ್ಟಿ ಕೊಬ್ಬು) ಹಾಕಿದರೆ ಎಸಿ ಇಲ್ಲದ ಮನೆಯಲ್ಲೂ ನಿಲ್ಲುತ್ತದೆ. ರುಚಿ ಸ್ವಲ್ಪ ಹೋಗುತ್ತದೆ, ಅದು ನಿಜ.

ಬೆಂಗಳೂರಿನಿಂದ: ಬಣ್ಣಕ್ಕಿಂತ ಮೊದಲು ಒಳಗಿನ ಆಧಾರ ನೋಡ್ಕೊಳ್ಳಿ. ನನ್ನ ಮೊದಲ ಆನೆಯ ತಲೆ ಕಾರಲ್ಲಿ ಒಂದೇ ರೋಡ್ ಹಂಪ್‌ಗೆ ಮಡಿಲಿಗೆ ಬಿತ್ತು. ಮೆತ್ತಗಿನ ಸ್ಪಂಜ್ ಬೇಡ, ಪೌಂಡ್ ಕೇಕ್ ಥರ ಗಟ್ಟಿ ಇರೋದೇ ಮಾಡಿ. ಫ್ರಿಜ್ಜಲ್ಲಿ ಚೆನ್ನಾಗಿ ತಣ್ಣಗಾದ ಮೇಲೆ ಗರಗಸದ ಹಲ್ಲಿನ ಚಾಕುವಲ್ಲಿ ಚೂರುಚೂರೇ ಕೆತ್ತಿ, ಜಾಸ್ತಿ ಹೋದ್ರೆ ವಾಪಸ್ ಅಂಟಿಸೋದು ಕಷ್ಟ. ಉದುರಿದ ಚೂರನ್ನ ಗನಾಶ್ (ಚಾಕೊಲೇಟ್-ಕ್ರೀಮ್ ಮಿಶ್ರಣ) ಜೊತೆ ಕಲಸಿಟ್ಟರೆ ಕೆನ್ನೆ, ಕಾಲು ಮಾಡೋಕೆ ಜೇಡಿಮಣ್ಣಿನ ಥರ ಒದಗುತ್ತೆ.

ತಲೆಯ ಕೆಳಗೆ ಒಂದು ಸಣ್ಣ ಕೇಕ್ ಬೋರ್ಡ್, ಅದನ್ನ ಹೊರೋಕೆ ಮೈಯೊಳಗೆ ಮೂರು ನಾಲ್ಕು ದಪ್ಪ ಸ್ಟ್ರಾ, ಮೇಲಿಂದ ತಳದವರೆಗೆ ನಡುವೆ ಒಂದು ಮರದ ಡೌಲ್ (ಉರುಟು ಕಡ್ಡಿ). ಇಷ್ಟಿದ್ರೆ ತಲೆ ಜರುಗಲ್ಲ. ಕಿವಿ ಚುಚ್ಚೋಕೆ ಟೂತ್‌ಪಿಕ್ ಮಾತ್ರ ಬೇಡ, ತಿನ್ನೋರು ಮೂರು ವರ್ಷದ ಮಕ್ಕಳು. ಒಣ ಸ್ಪಗೆಟ್ಟಿ ಕಡ್ಡಿ ಬಳಸಿ. ಕಿವಿನ ಕೊನೇ ಗಳಿಗೆಯಲ್ಲೇ ಸಿಕ್ಕಿಸಿ.

ದುಬೈಯಿಂದ: ಇಲ್ಲೂ ಬೇಸಿಗೆಯಲ್ಲಿ ಹೊರಗೆ ಅದೇ ತೇವ. ಕೇಕನ್ನು ರಟ್ಟಿನ ಡಬ್ಬಿಯಲ್ಲಿಟ್ಟು ಟೇಪ್ ಹಾಕಿಯೇ ಫ್ರಿಜ್ಜಿಗಿಡಿ. ಹೊರಗೆ ತೆಗೆದ ಮೇಲೆ ಡಬ್ಬಿ ತೆರೆಯದೆ ಒಂದೆರಡು ಗಂಟೆ ಬಿಡಿ, ನೀರು ಡಬ್ಬಿಯ ಹೊರಗೆ ಕೂರುತ್ತೆ, ಕೇಕಿನ ಮೇಲಲ್ಲ. ಕಾರಲ್ಲಿ ಸೀಟಿನ ಮೇಲೆ ಬೇಡ, ಕೆಳಗೆ ಸಮತಟ್ಟಾದ ಜಾಗದಲ್ಲಿಡಿ.

ಮಂಗಳೂರಿನಿಂದ: ಸೊಂಡಿಲು ಮೇಲೆತ್ತಿದ ಹಾಗೆ ಬೇಕಂತ ಹಟ ಮಾಡ್ತಿದ್ದಾಳೆ. ಆಗ್ತದಾ?

ಉಡುಪಿಯಿಂದ: ಮೊದಲ ಸಲಕ್ಕೆ ಬೇಡ, ಒಳಗೆ ತಂತಿ ಬೇಕಾಗ್ತದೆ. ಸೊಂಡಿಲನ್ನು ಹೊಟ್ಟೆಯ ಮೇಲೆ ಒರಗಿಸಿ, ಬಟರ್‌ಕ್ರೀಮ್ ಸ್ವಲ್ಪ ಗಟ್ಟಿಯಾದ ಮೇಲೆ ಟೂತ್‌ಪಿಕ್ಕಲ್ಲಿ ಅಡ್ಡ ಗೆರೆ ಎಳೆಯಿರಿ. ತುದಿಯನ್ನು ಮಾತ್ರ ಮೇಲಕ್ಕೆ ಸುತ್ತಿ ಅದರಲ್ಲಿ ಒಂದು ಫಾಂಡೆಂಟ್ ಹೂ ಹಿಡಿಸಿ. ಹೂ ಯಾವ ಬಣ್ಣ ಅಂತ ಅವಳನ್ನೇ ಕೇಳಿ.