ತೌಲನಿಕ ಸಾಹಿತ್ಯ ಪಿಎಚ್‌ಡಿ: ಬರಹದ ಮಾದರಿಯಾಗಿ ಏನು ಕಳಿಸಲಿ?

ಪ್ರಶ್ನೆ: ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುತ್ತಿದ್ದೇನೆ. ನನ್ನ ಎಂಎ ಪ್ರಬಂಧ 80 ಪುಟ ಇದೆ, ಬರಹದ ಮಾದರಿಗೆ (ನಮ್ಮ ಬರವಣಿಗೆ ಹೇಗಿದೆ ಎಂದು ನೋಡಲು ಕೇಳುವ ಲೇಖನ) ಅವರು ಕೇಳುವುದು 20–25 ಪುಟ. ಒಂದು ಅಧ್ಯಾಯ ಕಳಿಸಿದರೆ ಸಾಕಾ? ಕನ್ನಡ, ಫ್ರೆಂಚ್ ಎರಡನ್ನೂ ಮೂಲದಲ್ಲೇ ಓದುತ್ತೇನೆ. ಜಿಆರ್‌ಇ (ಪ್ರವೇಶಕ್ಕೆ ಬರೆಯುವ ಪರೀಕ್ಷೆ) ಬರೆದಿಲ್ಲ.

ಉತ್ತರ: ಸಾಕು, ಆದರೆ ಸುಮ್ನೆ ಕತ್ತರಿಸಿ ಕಳಿಸಬೇಡಿ. ಎರಡೂ ಭಾಷೆಯ ಕೃತಿಗಳನ್ನು ಎದುರುಬದುರು ಇಟ್ಟು ಓದಿದ ಅಧ್ಯಾಯ ಆರಿಸಿ. ಮೊದಲ ಎರಡು ಪುಟ ಹೊಸದಾಗಿ ಬರೆಯಿರಿ. ಪ್ರಬಂಧದ ಉಳಿದ ಭಾಗ ಓದದವರಿಗೂ ನಿಮ್ಮ ವಾದ ತಿಳಿಯಬೇಕು, ಅಲ್ವಾ? ಏನು, ಏಕೆ ಓದಬೇಕೆಂದಿದ್ದೀರಿ ಎಂದು ಬರೆಯುವ ಉದ್ದೇಶ ಪತ್ರಕ್ಕಿಂತ ಇದಕ್ಕೇ ಜಾಸ್ತಿ ಸಮಯ ಕೊಡಿ.

ಇನ್ನೊಂದು ಉತ್ತರ: ಜಿಆರ್‌ಇ ಈಗ ಬಹಳ ಕಡೆ ಬೇಡ. ಕೊನೆಯ ದಿನ ಹೆಚ್ಚಾಗಿ ಡಿಸೆಂಬರ್‌ನಲ್ಲಿ ಬರುತ್ತದೆ. ಸಾಮಾನ್ಯವಾಗಿ ಮೂರು ಶಿಫಾರಸು ಪತ್ರ ಬೇಕು. ಪ್ರಾಧ್ಯಾಪಕರನ್ನು ಈಗಲೇ ಕೇಳಿ.

ಪ್ರಶ್ನೆ ಕೇಳಿದವರು: ಹಾಗಾದರೆ ಮೂರನೇ ಅಧ್ಯಾಯವೇ ಸರಿ. ಇವತ್ತೇ ಕೂರುತ್ತೇನೆ.