ಟೇಕೌಟ್ ಡಬಲ್ ಆದಮೇಲೆ ಇನ್ನೊಮ್ಮೆ ಮಾತಾಡಬೇಕಾ? ಬ್ರಿಡ್ಜ್ ಆಡುವವರು ಅನುಭವ ಹೇಳಿ

ಕೇಳಿದವರು, ರಾಯಚೂರು:
ಬಲಗಡೆಯವರು 1 ಡೈಮಂಡ್ ಓಪನ್ ಮಾಡಿದರು (ಡೈಮಂಡ್ ಟ್ರಂಪ್, ಅಂದರೆ ತುರುಪು ಆದರೆ 6ರ ಮೇಲೆ 1, ಒಟ್ಟು 7 ಟ್ರಿಕ್ ಗೆಲ್ಲುತ್ತೇವೆ ಅನ್ನುವ ಮೊದಲ ಮಾತು). ನಾನು ಡಬಲ್, ಅಂದರೆ ಉಳಿದ ಮೂರು ಬಣ್ಣಗಳಲ್ಲಿ (ಸ್ಪೇಡ್, ಹಾರ್ಟ್, ಕ್ಲಬ್) ಒಂದನ್ನು ನೀನು ಹೇಳು ಅಂತ ಪಾರ್ಟ್ನರ್‌ಗೆ ಕೇಳುವ ಟೇಕೌಟ್ ಡಬಲ್. ಎಡಗಡೆ ಪಾಸ್. ಪಾರ್ಟ್ನರ್ 1 ಸ್ಪೇಡ್. ಬಲಗಡೆ ಪಾಸ್. ಈಗ ನನ್ನ ಸರದಿ. ನನ್ನ ಕೈ ಹೀಗಿತ್ತು: ಸ್ಪೇಡ್ ರಾಜ, ರಾಣಿ, 7, 4. ಹಾರ್ಟ್ ಎಕ್ಕ, ಗುಲಾಮ, 8, 3. ಡೈಮಂಡ್ ಬರೀ 6. ಕ್ಲಬ್ ರಾಜ, ಗುಲಾಮ, 9, 5. ಒಟ್ಟು 14 ಪಾಯಿಂಟ್ (ಎಕ್ಕ 4, ರಾಜ 3, ರಾಣಿ 2, ಗುಲಾಮ 1). ಪಾಸ್ ಮಾಡಬೇಕಾ, 2 ಸ್ಪೇಡಾ, 3 ಸ್ಪೇಡಾ? ನಮ್ಮ ಟೇಬಲ್ಲಿನಲ್ಲಿ ಮೂವರದ್ದು ಮೂರು ಮಾತು. ಈ ಬಿಸಿಲಿಗೆ ಮಧ್ಯಾಹ್ನವೆಲ್ಲ ಅದೇ ಜಗಳ ನಡೆಯಿತು. ನೀವು ಕೈಯ ಬಲವನ್ನು ಹೇಗೆ ಅಳೆಯುತ್ತೀರಿ?

ಶಕ್ತಿನಗರದಿಂದ:
ನೋಡ್ರಿ, ಮೊದಲು ಒಂದು ಮಾತು. ಆ 1 ಸ್ಪೇಡ್ ಪಾರ್ಟ್ನರ್ ತಾನಾಗಿ ಆಡಿದ ಮಾತಲ್ಲ, ನೀವು ಆಡಿಸಿದ್ದು. ಡಬಲ್ ಹೇಳಿ ಬಾಯಿ ಬಿಡಿಸಿದ್ದೀರಿ. ಅವರ ಹತ್ತಿರ 8 ಇರಬಹುದು, ಸೊನ್ನೆಯೂ ಇರಬಹುದು. 9ರಿಂದ 11 ಇದ್ದಿದ್ದರೆ ಜಿಗಿದು 2 ಸ್ಪೇಡ್ ಹೇಳುತ್ತಿದ್ದರು. ಅದಕ್ಕೂ ಜಾಸ್ತಿ ಇದ್ದರೆ ಎದುರಾಳಿಯ ಡೈಮಂಡನ್ನೇ ತಾವೂ ಹೇಳಿ (ಅದೇ ಕ್ಯೂ ಬಿಡ್) ಬಲ ತೋರಿಸುತ್ತಿದ್ದರು.

ಹಾಗಾಗಿ ಮುಂದಿನ ಭಾರ ನಿಮ್ಮ ಕೈಯ ಮೇಲೆ. ಡಬಲ್ ಹೇಳುವಾಗಲೇ ಸುಮಾರು 12 ಪಾಯಿಂಟ್ ತೋರಿಸಿ ಆಗಿದೆ. ಅದನ್ನೇ ಎರಡನೇ ಸಲ ತೋರಿಸಬಾರದು. ನಾನು ಇಟ್ಟುಕೊಂಡಿರುವ ಅಳತೆ ಇಷ್ಟು: ಪಾರ್ಟ್ನರ್ ಬಣ್ಣದಲ್ಲಿ ನಾಲ್ಕು ಎಲೆ ಇದ್ದು 12ರಿಂದ 15 ಇದ್ದರೆ ಪಾಸ್. 16ರಿಂದ 18ಕ್ಕೆ ಒಂದು ಮೆಟ್ಟಿಲು. 19ರಿಂದ 21ಕ್ಕೆ ಎರಡು. ಇಲ್ಲಿ ಬರೀ ಎಕ್ಕ-ರಾಜರ ಲೆಕ್ಕ ಸಾಲದು. ಟ್ರಂಪ್ ನಾಲ್ಕಿದ್ದಾಗ ಎರಡೇ ಎಲೆಯ ಬಣ್ಣಕ್ಕೆ 1, ಒಂಟಿ ಎಲೆಗೆ 3, ಖಾಲಿ ಬಣ್ಣಕ್ಕೆ 5 ಸೇರಿಸಬೇಕು. ನಿಮ್ಮ 14ಕ್ಕೆ ಒಂಟಿ ಡೈಮಂಡಿನ 3 ಸೇರಿದರೆ 17. ನನ್ನ ಉತ್ತರ 2 ಸ್ಪೇಡ್. 3 ಸ್ಪೇಡ್ ಮಾತ್ರ ಬೇಡವೇ ಬೇಡ.

ಇನ್ನೊಂದು ಲೆಕ್ಕವೂ ಮಾಡಿ ನೋಡಿ. ಇಡೀ ಪ್ಯಾಕಿನಲ್ಲಿ 40 ಪಾಯಿಂಟ್. ಓಪನ್ ಮಾಡಿದವರಲ್ಲಿ 12-13, ನಿಮ್ಮಲ್ಲಿ 14 ಅಂದರೆ ಉಳಿದದ್ದು 13-14. ಎಡಗಡೆಯವರು ಪಾಸ್ ಅಂದಿದ್ದಾರೆ, ಅವರಲ್ಲಿ 5ಕ್ಕಿಂತ ಜಾಸ್ತಿ ಇರುವುದು ಅಪರೂಪ. ಹಾಗಾದರೆ ಪಾರ್ಟ್ನರ್ ಕೈ ಪೂರ್ತಿ ಖಾಲಿ ಇರಲಾರದು, ಅಲ್ವಾ? ಆದರೆ ಓಪನರ್ ಕೈಯಲ್ಲಿ 18 ಇದ್ದರೆ ಈ ಲೆಕ್ಕ ಅಲ್ಲೇ ಬಿತ್ತು.

ಹಟ್ಟಿಯಿಂದ:
ಹಿರಿಯರ ಮಾತಿಗೆ ಅಡ್ಡ ಬರುತ್ತಿದ್ದೇನೆ, ಬೇಜಾರಾಗಬೇಡಿ ಸರ್. ನಾನಾದರೆ ಪಾಸ್. ಪಾರ್ಟ್ನರ್ ಕೈಯಲ್ಲಿ ಡೈಮಂಡೇ ನಾಲ್ಕಿದ್ದು ಉಳಿದ ಮೂರು ಬಣ್ಣ ಮೂರು ಮೂರು ಇದ್ದರೆ, ಪಾಪ, ಮೂರೇ ಸ್ಪೇಡ್ ಇಟ್ಟುಕೊಂಡು 1 ಸ್ಪೇಡ್ ಹೇಳಿರಬಹುದು. ಅಲ್ಲಿಗೆ 2 ಸ್ಪೇಡ್ ಏರಿಸಿ ಏನು ಸಿಗುತ್ತದೆ? ಗೇಮ್ (ಬೋನಸ್ ಸಿಗುವ ಮಟ್ಟ, ಸ್ಪೇಡಿನಲ್ಲಿ 4) ಸಿಗುವ ಹಾಗಿದ್ದರೆ ಅವರೇ ಜಿಗಿಯುತ್ತಿದ್ದರು. ವಲ್ನರಬಲ್ (ಸೋತರೆ ದಂಡ ಜಾಸ್ತಿ ಬೀಳುವ ಸ್ಥಿತಿ) ಇದ್ದು ಎರಡು ಟ್ರಿಕ್ ಕಡಿಮೆ ಬಿದ್ದರೆ 200 ಹೋಯಿತು. ಎದುರಾಳಿ 2 ಡೈಮಂಡ್ ಆಡಿ ಸರಿಯಾಗಿ 8 ಟ್ರಿಕ್ ಮಾಡಿದರೂ ಅವರಿಗೆ ಸಿಗುವುದು 90.

ಆದರೆ ಓಪನರ್ ಸುಮ್ಮನಿರದೆ 2 ಡೈಮಂಡ್ ಅಂದರೆ ನಾನು ತಕ್ಷಣ 2 ಸ್ಪೇಡ್. ಆಗ ಅದು ಪೈಪೋಟಿಯ ಮಾತು, ಬಲದ ಮಾತಲ್ಲ. ನಾವು ಆಡುವಾಗ ಇದು ಪಾರ್ಟ್ನರ್‌ಗೂ ಗೊತ್ತಿರುತ್ತದೆ. ಆಮೇಲೆ ಅವರು ಗೇಮಿಗೆ ಓಡುವುದಿಲ್ಲ.

(ಸುಮ್ನೆ ಒಂದು ಮಾತು. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಪ್ರಣಬ್ ಬರ್ಧನ್, ಶಿಬ್‌ನಾಥ್ ಸರ್ಕಾರ್ ಬ್ರಿಡ್ಜಿನಲ್ಲಿ ಚಿನ್ನ ಗೆದ್ದಾಗ ಇಲ್ಲಿ ರಮ್ಮಿ ಆಡುವವರು ‘ಇಸ್ಪೀಟಿಗೂ ಚಿನ್ನ ಕೊಡ್ತಾರಾ’ ಅಂತ ಕೇಳಿದ್ದರು. ಚಿನ್ನದ ಗಣಿಯ ಊರಲ್ಲಿ ಕೂತು!)

ಬಳ್ಳಾರಿಯಿಂದ:
ಇಬ್ಬರೂ ಪಾಯಿಂಟ್ ಎಷ್ಟು ಅಂತಲೇ ಹೇಳಿದಿರಿ. ಅವು ಎಲ್ಲಿ ಕೂತಿವೆ ಅನ್ನುವುದು ನನಗೆ ಅದಕ್ಕಿಂತ ಮುಖ್ಯ. ಈ ಕೈ ನೋಡಿ: ಸ್ಪೇಡ್ ರಾಜ, ರಾಣಿ, 7. ಹಾರ್ಟ್ ಎಕ್ಕ, ಗುಲಾಮ, 8, 3. ಡೈಮಂಡ್ ರಾಣಿ, ಗುಲಾಮ. ಕ್ಲಬ್ ರಾಣಿ, 9, 6, 5. ಎಣಿಸಿದರೆ 15, ರಾಯಚೂರಿನ ತಮ್ಮನ ಕೈಗಿಂತ ಒಂದು ಜಾಸ್ತಿ. ಆದರೂ ಇದು ಕಣ್ಣು ಮುಚ್ಚಿ ಪಾಸ್. ಡೈಮಂಡಿನ ಆ ರಾಣಿ-ಗುಲಾಮ ಎದುರಾಳಿಯ ಎಕ್ಕ-ರಾಜನ ಕೆಳಗೆ ಬಿದ್ದು ಹೋಗುತ್ತವೆ. ಟ್ರಂಪ್ ಆಟದಲ್ಲಿ ನಾನು ಅವಕ್ಕೆ ಸೊನ್ನೆ ಹಾಕುತ್ತೇನೆ. ಸ್ಪೇಡ್ ಕೂಡ ಮೂರೇ. ಓಪನರ್ ಬಣ್ಣದ ರಾಜ ಮಾತ್ರ ಬೇರೆ. ಓಪನರ್ ನಿಮ್ಮ ಬಲಕ್ಕೆ ಕೂತಿರುತ್ತಾರೆ, ಎಕ್ಕ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಅವರು ಎಲೆ ಹಾಕಿದ ಮೇಲೆ ನಿಮ್ಮ ಸರದಿ. ಹಾಗಾಗಿ ರಾಜನ ಬೆಲೆ ಉಳಿಯುತ್ತದೆ.

ತಮ್ಮನ ಕೈಯಲ್ಲಿ ಡೈಮಂಡಿನಲ್ಲಿ ಒಂದು ಪಾಯಿಂಟೂ ಪೋಲಾಗಿಲ್ಲ. 14ಕ್ಕೆ 14 ಕೆಲಸಕ್ಕೆ ಬರುವಂಥವು. ನಾನು ಶಕ್ತಿನಗರದವರ ಕಡೆ.

ಇನ್ನೊಂದು. ನಮ್ಮ ಕಡೆ ತುಂಬಾ ಜನ 13 ಪಾಯಿಂಟು, ಐದು ಹಾರ್ಟ್ ಇಟ್ಟುಕೊಂಡು ಡಬಲ್ ಹೇಳುತ್ತಾರೆ. ಪಾರ್ಟ್ನರ್ 1 ಸ್ಪೇಡ್ ಅಂದ ಮೇಲೆ ‘ನಂಗೆ ಸ್ಪೇಡ್ ಹಿಡಿಸಲ್ಲ’ ಅನ್ನೋ ಹಾಗೆ 2 ಹಾರ್ಟ್ ಹೇಳುತ್ತಾರೆ. ಡಬಲ್ ಹೇಳಿ ಆಮೇಲೆ ಸ್ವಂತ ಬಣ್ಣ ಹೇಳಿದರೆ 17-18ರ ಮೇಲಿನ ಕೈ ಅಂತ ಅರ್ಥ. ಪಾರ್ಟ್ನರ್ ನಂಬಿ ಮೇಲೇರುತ್ತಾರೆ, ಎಲ್ಲಾ ಕೆಡುತ್ತದೆ. 13ಕ್ಕೆ ಮೊದಲೇ 1 ಹಾರ್ಟ್ ಓವರ್‌ಕಾಲ್ ಮಾಡಿ (ಎದುರಾಳಿಯ ಓಪನಿಂಗ್ ಮೇಲೆ ಸ್ವಂತ ಬಣ್ಣ ಹೇಳಿ) ಮುಗಿಸಿ. ಡಬಲ್ ಆದಮೇಲೆ ಎರಡನೇ ಸಲ 1 ನೋಟ್ರಂಪ್ (ಟ್ರಂಪ್ ಇಲ್ಲದ ಆಟ) ಹೇಳುವುದು ಕೂಡ ಹಾಗೇ. ಅದು 18ರಿಂದ 20ರ ಕೈ, ಡೈಮಂಡಿಗೆ ತಡೆ (ಆ ಬಣ್ಣವನ್ನು ಎದುರಾಳಿ ಸಲೀಸಾಗಿ ಓಡಿಸದಂತೆ ಹಿಡಿಯುವ ಎಲೆ) ಇರಲೇಬೇಕು. 15-17 ಇದ್ದವರು ಮೊದಲೇ 1 ನೋಟ್ರಂಪ್ ಹೇಳಿರುತ್ತಿದ್ದರು.

ಮುನಿರಾಬಾದಿನಿಂದ:
ಪಾರ್ಟ್ನರ್ ಜೊತೆ ಮೊದಲು ಕೂತು ಮಾತಾಡಿ. 10 ಪಾಯಿಂಟ್ ಇಟ್ಟುಕೊಂಡು ಹೆದರಿ 1 ಸ್ಪೇಡ್ ಹೇಳುವವರು ನನಗೂ ಸಿಕ್ಕಿದ್ದಾರೆ. ಅಂಥವರ ಎದುರು ಮೇಲಿನ ಯಾವ ಲೆಕ್ಕವೂ ನಡೆಯುವುದಿಲ್ಲ. ಅವರು ಜಿಗಿದು 2 ಸ್ಪೇಡ್ ಹೇಳಿದ್ದರೆ ನಿಮ್ಮ 17, ಅವರ 9, ಸೇರಿ 26. ಸೀದಾ 4 ಸ್ಪೇಡ್.

ಗಂಗಾವತಿಯಿಂದ:
ವಾದ ಮಾಡುವ ಬದಲು ಎಲೆ ಹಂಚಿ ನೋಡಿ. ನಿಮ್ಮ 13 ಎಲೆ ತೆಗೆದು ಬದಿಗಿಡಿ. ಉಳಿದ 39 ಕಲಸಿ ಮೂವರಿಗೆ ಹಾಕಿ. ಬಲಗಡೆ 1 ಡೈಮಂಡ್ ಓಪನಿಂಗ್ ಬಾರದಿದ್ದರೆ ಆ ಹಂಚಿಕೆ ಬಿಡಿ. ಎಡಗಡೆ ಪಾಸ್, ಪಾರ್ಟ್ನರ್‌ಗೆ 1 ಸ್ಪೇಡ್ ಬರುವಂಥವನ್ನು ಮಾತ್ರ ಇಟ್ಟುಕೊಂಡು ಎಷ್ಟು ಟ್ರಿಕ್ ಬರುತ್ತದೆ ಬರೆದಿಡಿ. ನಾಲ್ಕು ಜನ ಸೇರದ ದಿನ ನಾನು ಇದನ್ನೇ ಮಾಡುತ್ತೇನೆ. ಬ್ರಿಡ್ಜ್ ಬೇಸ್ ಆನ್‌ಲೈನಿನಲ್ಲಿ ರೋಬೋಟ್ ಜೊತೆ ಆಡಿದರೆ ಪ್ರತಿ ಬಿಡ್‌ಗೂ ಅರ್ಥ ತೋರಿಸುತ್ತದೆ, ಅದೂ ಒಳ್ಳೆಯದು.

ಕೇಳಿದವರು, ರಾಯಚೂರು:
ಎಲ್ಲರಿಗೂ ಥ್ಯಾಂಕ್ಸ್. 3 ಸ್ಪೇಡ್ ಅಂದವರಿಗೆ ಇದನ್ನು ಓದಿ ಹೇಳುತ್ತೇನೆ. ಒಂದೇ ಡೌಟು ಉಳಿಯಿತು. ಎಡಗಡೆಯವರು ಪಾಸ್ ಅನ್ನದೆ 1 ಹಾರ್ಟ್ ಅಂದರೆ? ಅಥವಾ ನನ್ನ ಡಬಲ್ ಮೇಲೆ ರಿಡಬಲ್ ಅಂದರೆ?

ಶಕ್ತಿನಗರದಿಂದ:
1 ಹಾರ್ಟ್ ಆದಮೇಲೂ ಪಾರ್ಟ್ನರ್ 1 ಸ್ಪೇಡ್ ಅಂದರೆ ಅದು ಅವರೇ ಇಷ್ಟಪಟ್ಟು ಆಡಿದ ಮಾತು. ಪಾಸ್ ಮಾಡಬಹುದಿತ್ತು, ಮಾಡಲಿಲ್ಲ. ಒಂದು 6 ಪಾಯಿಂಟ್ ಆದರೂ ಇದೆ ಅಂದುಕೊಳ್ಳಿ. ಆಗ ಹಟ್ಟಿಯವರೂ 2 ಸ್ಪೇಡ್ ಹೇಳುತ್ತಾರೆ, ಕೇಳಿ ನೋಡಿ.

ರಿಡಬಲ್ ಬಂದರೆ ಅಲ್ಲಿ 10ರ ಮೇಲಿದೆ. 12 ಮತ್ತು 10, ನಿಮ್ಮ 14. ಪಾರ್ಟ್ನರ್‌ಗೆ ಉಳಿದದ್ದು ಹೆಚ್ಚೆಂದರೆ 4. ಅವರ 1 ಸ್ಪೇಡ್ ಅಂದರೆ ಎಲ್ಲಿ ನಿಲ್ಲಬೇಕು ಅಂತ ತೋರಿಸಿದ್ದು, ಅಷ್ಟೇ. ಸುಮ್ನೆ ಪಾಸ್ ಅಂದು ಕೂಡ್ರಿ.

ಹಟ್ಟಿಯಿಂದ:
ಹೇಳುತ್ತೇನೆ ಸರ್. ವಲ್ನರಬಲ್ ಇದ್ದರೂ.